ಕ್ರಿಸ್ಮಸ್ ಉಸುಕು ಹೊತ್ತು ತಳೇಗಾಂವಕ್ಕೆ

ಬೆಟಗೇರಿ

ಪಾಸ್‌ಪೋರ್ಟು ಬೇಡದ ಪರದೇಶ ಅಂತ ಒಂದಿದ್ದರೆ ನನ್ನ ಮಟ್ಟಿಗೆ ಅದು ಪುಣೆ. ಅರವತ್ತೊಂದು ವರ್ಷ ಆದರೂ ನಾನು ಮೀರಜ ದಾಟಿರಲಿಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದ ಮೇಲೆ ನಮ್ಮವರು, "ಎಲ್ಲಿಗರ ಹೋಗಿ ಬರೂಣು ನಡಿ" ಅಂದಾಗೆಲ್ಲ "ಕ್ರಿಸ್ಮಸ್ ಮುಗೀಲಿ" ಅನ್ನುತ್ತಿದ್ದೆ. ಕ್ರಿಸ್ಮಸ್ ಮುಗಿದರೆ ಬೇಸಿಗೆ, ಬೇಸಿಗೆ ಮುಗಿದರೆ ಮಳೆ, ಮಳೆ ಮುಗಿದರೆ ಮತ್ತೆ ಕ್ರಿಸ್ಮಸ್ಸಿನ ತಯಾರಿ. ಹೀಗಾಗಿ ನಮ್ಮವರು ಕೊಂಡಿಟ್ಟ ಸೂಟ್‌ಕೇಸಿನಲ್ಲಿ ನಾನು ಚಳಿಗಾಲದ ಚಾದರ ಇಡುತ್ತಾ ಬಂದೆ.

ನಮ್ಮ ಮನೆಯ ಕ್ರಿಸ್ಮಸ್ ಎಂದರೆ ಅವ್ವನ ಕೇಕು. ಅದು ಓವನ್ನಿನಲ್ಲಿ ಬೇಯುವ ಕೇಕಲ್ಲ. ದೊಡ್ಡ ಹಿತ್ತಾಳೆ ಬೋಗಾಣಿಯ ತಳಕ್ಕೆ ನಾಲ್ಕು ಬೆರಳು ಉಸುಕು ಹರವಿ, ಚೆನ್ನಾಗಿ ಕಾಯಿಸಿ, ಅದರ ಮೇಲೆ ಹಿಟ್ಟು ತುಂಬಿದ ಡಬ್ಬಿ ಕೂರಿಸಿ, ಬೋಗಾಣಿಯ ಬಾಯಿಗೆ ತಾಟು ಮುಚ್ಚಬೇಕು. ಕೆಳಗೂ ಕೆಂಡ, ತಾಟಿನ ಮೇಲೂ ಕೆಂಡ. ಯಾವಾಗ ತೆಗೆಯಬೇಕು ಅನ್ನುವುದು ಗಡಿಯಾರಕ್ಕೆ ಗೊತ್ತಿಲ್ಲ, ಅವ್ವನ ಮೂಗಿಗೆ ಗೊತ್ತು. ಅವ್ವನಿಗೆ ಕೂತೇಳುವುದು ಕಷ್ಟವಾದ ಮೇಲೆ ನನ್ನ ಮೂಗಿಗೂ ಗೊತ್ತಾಯಿತು. ಹಿರೇಮಗಳು ನಾನೇ ತಾನೆ.

ಉಸುಕು ಸಾಮಾನ್ಯದ್ದಲ್ಲ. ನಾನಿನ್ನೂ ಶಾಲೆಗೆ ಹೋಗುತ್ತಿದ್ದಾಗ ಅಪ್ಪ ತುಂಗಭದ್ರೆಯ ದಂಡೆಯಿಂದ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದದ್ದು. ವರ್ಷ ವರ್ಷ ಅದೇ ಉಸುಕು. ಬೆಣ್ಣೆಯ ವಾಸನೆ, ಹೊಗೆಯ ವಾಸನೆ ಕುಡಿದು ಕುಡಿದು ಕರ್ರಗಾಗಿದೆ. ಹಬ್ಬ ಮುಗಿದ ಮೇಲೆ ಅವ್ವ ಅದನ್ನು ಜರಡಿ ಹಿಡಿದು, ಹಿತ್ತಲಲ್ಲಿ ಬಿಸಿಲಿಗೆ ಹರವಿ, ತಗಡಿನ ಡಬ್ಬಿಗೆ ತುಂಬಿ ಅಟ್ಟಕ್ಕೇರಿಸುತ್ತಿದ್ದಳು. ಅಪ್ಪ ಹೋಗಿ ಹದಿನೆಂಟು ವರ್ಷವಾಯಿತು. ಆ ಡಬ್ಬಿಯಲ್ಲಿ ಅಪ್ಪನೂ ಒಂದಿಷ್ಟು ಇದ್ದಾನೆ ಅಂತ ನನಗೆ ಅನಿಸುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಗಣಿತದ ಟೀಚರು ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳಿದರೆ ಚೆನ್ನಾಗಿರುವುದಿಲ್ಲ.

ಕಳೆದ ವರ್ಷ ಮಳೆಗಾಲದಲ್ಲಿ ಅವ್ವ ಒಂದು ನಾಮಕರಣಕ್ಕೆಂದು ನನ್ನ ತಂಗಿ ಸುಗುಣಾಳ ಮನೆಗೆ ಹೋದಳು. ಸುಗುಣಾ ಪುಣೆಯ ಹತ್ತಿರ ತಳೇಗಾಂವ ದಾಭಾಡೆಯಲ್ಲಿ ಇರುತ್ತಾಳೆ. ಆಕೆಯ ಗಂಡ ಪ್ರಕಾಶ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಜರ್, ಮರಾಠಿ ಕ್ರಿಶ್ಚಿಯನ್. ಹೋದ ನಾಲ್ಕನೇ ದಿನಕ್ಕೆ ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಪರೇಶನ್ ಆಯಿತು. "ಈ ವರ್ಷ ಬಸ್ಸಿನ ಹೆಸರು ಎತ್ತಬ್ಯಾಡ್ರಿ" ಅಂದರು ಡಾಕ್ಟರು. ಅವ್ವ ಫೋನ್ ಮಾಡಿದಳು.

"ಮಾರ್ಥಾ, ಕ್ರಿಸ್ಮಸ್ ಇಲ್ಲೇ ಮಾಡೂಣು. ಬೋಗಾಣಿ ತಗೊಂಬಾ. ಉಸುಕು ತಗೊಂಬಾ."

ಪಕ್ಕದಲ್ಲಿ ಕೂತಿದ್ದ ನಮ್ಮವರು, "ಪುಣೆದಾಗ ಉಸುಕು ಇಲ್ಲೇನು? ಅಷ್ಟು ದೊಡ್ಡ ಊರು ಬೆಲ್ಲದಾಗ ಕಟ್ಯಾರೇನು?" ಅಂದರು.

ನಾನು ಡಬ್ಬಿಗೆ ಹಗ್ಗ ಬಿಗಿದೆ.

ಸ್ವಾರಗೇಟ

ನಸುಕಿನ ಬಸ್ಸು. ಕಂಡಕ್ಟರು ಡಬ್ಬಿ ಎತ್ತಲು ಹೋಗಿ ಎತ್ತಲಾಗದೆ, "ಏನ್ರಿ ಬಾಯಾರ ಇದರಾಗ?" ಅಂದ. "ಉಸುಕು" ಅಂದೆ. ಅವನು ನನ್ನನ್ನು ನೋಡಿದ, ನಮ್ಮವರನ್ನು ನೋಡಿದ, ನಮ್ಮವರು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹಿತ್ತಾಳೆ ಬೋಗಾಣಿಯನ್ನು ನೋಡಿದ. ಮುಂದೆ ಕೊಲ್ಲಾಪುರದವರೆಗೆ ನಮ್ಮ ಸೀಟಿನ ಹತ್ತಿರ ಬಂದಾಗೆಲ್ಲ ದನಿ ತಗ್ಗಿಸಿ ಮಾತಾಡಿದ, ತಲೆ ಸರಿಯಿಲ್ಲದವರ ಜೊತೆ ಮಾತಾಡುವ ಹಾಗೆ.

ನಮ್ಮವರ ಬಗ್ಗೆ ಒಂದು ಮಾತು ಹೇಳಬೇಕು. ಹೆಸರು ದಾನಿಯೇಲ, ನಿವೃತ್ತ ಪೋಸ್ಟ್‌ಮಾಸ್ತರು, ಸಂಭಾವಿತರು. ನಲವತ್ತು ವರ್ಷದ ಹಿಂದೆ ಬೆಳಗಾವಿಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದರಿಂದ ತಮಗೆ ಮರಾಠಿ ಬರುತ್ತದೆ ಎಂದು ನಂಬಿದ್ದಾರೆ. ಈ ನಂಬಿಕೆಯನ್ನು ಪರೀಕ್ಷೆ ಮಾಡುವ ಪ್ರಸಂಗ ಬಂದಿರಲಿಲ್ಲ. ಅದು ಪುಣೆಯ ಸ್ವಾರಗೇಟ ಬಸ್‌ಸ್ಟ್ಯಾಂಡಿನ ಹತ್ತಿರ ಬಂತು.

ಸಂಜೆ ಬಸ್ಸಿಳಿದೆವು. ಅಲ್ಲಿಂದ ನೆಲದೊಳಗಿನ ಮೆಟ್ರೋ ಹಿಡಿದು ಶಿವಾಜಿನಗರ, ಅಲ್ಲಿಂದ ಲೋಕಲ್ ಟ್ರೇನು ಅಂತ ಸುಗುಣಾ ಹೇಳಿದ್ದಳು. ಮೆಟ್ರೋದ ಬಾಗಿಲಲ್ಲಿ ಸಾಮಾನುಗಳನ್ನು ಯಂತ್ರದೊಳಗೆ ತೂರಿಸಿ ನೋಡುತ್ತಾರೆ. ಬೋಗಾಣಿ ಒಳಹೋಗಿ ಹೊರಬಂತು. ಡಬ್ಬಿ ಒಳಹೋಯಿತು, ಬರಲಿಲ್ಲ. ಯಂತ್ರ ನಿಂತಿತು. ಪರದೆ ನೋಡುತ್ತಿದ್ದ ಸೆಕ್ಯೂರಿಟಿ ಹೆಣ್ಣುಮಗಳು ಎದ್ದು ನಿಂತಳು.

"ಹೇ ಕಾಯ್ ಆಹೆ?" ಇದೇನು ಅಂತ ಕೇಳಿದಳು.

"ನೀ ಸುಮ್ಮನಿರು, ನಾ ಮಾತಾಡ್ತೀನಿ" ಎಂದು ನಮ್ಮವರು ಮುಂದೆ ಬಂದರು. ಗಂಟಲು ಸರಿಮಾಡಿಕೊಂಡು, "ವಾಳೂ" ಅಂದರು. ಉಸುಕು ಅಂತ ಅರ್ಥ. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಯಾಕೆ ಅಂತ ಆಕೆ ಕೇಳಿದಳು. ಕ್ರಿಸ್ಮಸ್ಸಿಗೆ ಮರಾಠಿಯಲ್ಲಿ ನಾತಾಳ ಅನ್ನುತ್ತಾರೆ. ಅದೂ ಅವರಿಗೆ ನೆನಪಿತ್ತು. ಬೇಯಿಸುವುದಕ್ಕೆ ಏನೆನ್ನುತ್ತಾರೆ ಅನ್ನುವುದು ಮಾತ್ರ ಹೊಳೆಯಲಿಲ್ಲ. ಕೈಯನ್ನು ಬಾಯಿಯ ಹತ್ತಿರ ಒಯ್ದು, ಮೂರು ಮಾತಿನಲ್ಲಿ ಮುಗಿಸಿದರು.

"ವಾಳೂ. ನಾತಾಳ. ಆಮ್ಹೀ ಖಾತೋ."

ಉಸುಕು, ಕ್ರಿಸ್ಮಸ್, ನಾವು ತಿನ್ನುತ್ತೇವೆ!

ಹೆಣ್ಣುಮಗಳು ಮತ್ತೊಬ್ಬಳನ್ನು ಕರೆದಳು. ಆಕೆ ಡಬ್ಬಿಯ ಮುಚ್ಚಳ ತೆಗೆದು ಕರಿ ಉಸುಕನ್ನು ಪೆನ್ನಿನಿಂದ ಕೆದಕಿದಳು, ಮೂಸಿದಳು. ಮುಖ ಅರಳಿತು. "ಕೇಕ್ಚಾ ವಾಸ್ ಯೇತೋಯ್!" ಕೇಕಿನ ವಾಸನೆ ಬರುತ್ತಿದೆ! ಸಾಲಿನಲ್ಲಿ ನಿಂತಿದ್ದ ನಾಲ್ಕಾರು ಮಂದಿಯೂ ಬಗ್ಗಿ ಮೂಸಿದರು. ಒಬ್ಬ ಅಜ್ಜ ಎರಡು ಸಲ ಮೂಸಿದ. ಆಮೇಲೆ ಆಕೆ ನನ್ನ ಕಡೆ ತಿರುಗಿ, "ಜಾ ತಾಯೀ" ಎಂದು ಹೋಗಲು ಕೈ ಮಾಡಿದಳು. ಪರವೂರಲ್ಲೂ ನನ್ನನ್ನು ತಾಯಿ ಅಂದರಲ್ಲ ಎಂದು ಕಣ್ಣು ತುಂಬಿ ಬಂತು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ ಅಂತ ಗೊತ್ತಾದದ್ದು ಮರುದಿನ. ಅಷ್ಟು ಸಣ್ಣವಳ ಹಾಗೆ ಕಂಡೆನಲ್ಲ ಎಂದು ಆಗ ಇನ್ನೂ ಖುಷಿಯಾಯಿತು.

ಲೋಕಲ್ಲಿನ ಹೆಂಗಸರ ಬೋಗಿಗೆ ಉಸುಕಿನ ಡಬ್ಬಿಯ ಜೊತೆ ನಾನು ಹತ್ತಿದೆ, ನಮ್ಮವರು ಗಂಡಸರ ಬೋಗಿಗೆ. ಅಲ್ಲಿಯ ಹೆಂಗಸರು ಟ್ರೇನಿನಲ್ಲಿ ಕೂತು ಬಟಾಣಿ ಸುಲಿಯುತ್ತಾರೆ. ನಮ್ಮಲ್ಲಿ ಪ್ರಯಾಣ ಎಂದರೆ ಕೈಕಟ್ಟಿ ಕೂತು ಕಿಟಕಿ ನೋಡುವುದು. ಅಲ್ಲಿ ಆಫೀಸು ಬಿಟ್ಟ ಹೆಂಗಸರು ಮನೆ ಮುಟ್ಟುವುದರೊಳಗೆ ಅರ್ಧ ಅಡುಗೆ ಮುಗಿಸುತ್ತಾರೆ. ಒಬ್ಬಳು ನನ್ನ ಡಬ್ಬಿಯ ಮೇಲೇ ಕೂತಳು, ಕೂತವಳು ನನ್ನ ಉಡಿಗೆ ಒಂದು ಹಿಡಿ ಬಟಾಣಿಕಾಯಿ ಹಾಕಿದಳು. ತಿನ್ನಲು ಕೊಟ್ಟಳೆಂದು ನಾಲ್ಕು ತಿಂದೆ. ಸುಲಿದು ಕೊಡು ಅಂತ ಕೊಟ್ಟದ್ದು.

ತಳೇಗಾಂವ, ಮೊದಲ ಸಂಜೆ

ಸ್ಟೇಷನ್ನಿಗೆ ಸುಗುಣಾ ಬಂದಿದ್ದಳು. ಆಟೋದಲ್ಲಿ ಮನೆ ಮುಟ್ಟಿದೆವು. ನಾಲ್ಕು ಮಹಡಿಯ ಕಟ್ಟಡ, ಆಕೆಯ ಮನೆ ಮೂರನೆಯದರಲ್ಲಿ. ಲಿಫ್ಟಿನ ಬಾಗಿಲಿಗೆ ಒಂದು ಬೋರ್ಡು ಇತ್ತು. ಸುಗುಣಾ ಓದಿ ಅರ್ಥ ಹೇಳಿದಳು: "ಲಿಫ್ಟ್ ಕೆಟ್ಟಿದೆ. ಯಾವಾಗ ಸರಿಹೋಗುತ್ತದೆ ಎಂದು ಕೇಳಬೇಡಿ. ನಮಗೆ ಗೊತ್ತಿದ್ದರೆ ಬರೆಯುತ್ತಿದ್ದೆವು." ಸೊಸಾಯಿಟಿಯ ಚೇರ್ಮನ್ ಬರೆದದ್ದಂತೆ. ಆ ಊರಿನವರಿಗೆ ಬೋರ್ಡು ಬರೆಯುವ ಚಟ. ನಮ್ಮಲ್ಲಿ ಬಾಯಲ್ಲಿ ಬೈದು ಮುಗಿಸುವುದನ್ನು ಅಲ್ಲಿ ಚಂದ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚುತ್ತಾರೆ.

ನಮ್ಮವರು ಡಬ್ಬಿ ಇಳಿಸುವಾಗ ವಾಚ್‌ಮನ್ ಓಡಿ ಬಂದು, "ಹಳೂ, ಹಳೂ!" ಅಂದ.

"ಇನ್ನೂ ಏನೂ ಹಾಳಾಗಿಲ್ಲಪಾ! ಬಿಡ್ತು ಅನ್ನು!" ಅಂದೆ ನಾನು.

"ಅಕ್ಕಾ, ಹಳೂ ಅಂದ್ರ ಮೆಲ್ಲಕ" ಎಂದು ಸುಗುಣಾ ನಕ್ಕಳು.

ನಮ್ಮವರ ಬೆನ್ನು ಮೂರು ಮಹಡಿಗೆ ಒಪ್ಪಲಿಲ್ಲ. "ಡಬ್ಬಿ ಇಲ್ಲೇ ಜಿನೆದ ಕೆಳಗ ಇರಲಿ, ಮುಂಜಾನೆ ಪ್ರಕಾಶ ತರ್ತಾನ" ಅಂದಳು ಸುಗುಣಾ. ಮೆಟ್ಟಿಲ ಕೆಳಗೆ ಡಬ್ಬಿ ಇಟ್ಟು, ಬೋಗಾಣಿ ಹೊತ್ತು ಮೇಲೆ ಹೋದೆವು.

ಅವ್ವ ಹಾಲ್‌ನಲ್ಲಿ, ಕೈಯಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ನ್ಯಾಯಾಧೀಶರ ಹಾಗೆ ಕೂತಿದ್ದಳು. ಬೋಗಾಣಿಯನ್ನು ಮುಟ್ಟಿ ನೋಡಿದಳು, ಆಮೇಲೆ ನನ್ನನ್ನು. ಟೇಬಲ್ಲಿನ ಮೇಲೆ ಒಂದು ಕೇಕು ಇತ್ತು. ಎತ್ತರವಾಗಿ, ನುಣ್ಣಗೆ, ಎಲ್ಲೂ ಸೀಳಿರಲಿಲ್ಲ.

"ಓವನ್ನಿನ್ಯಾಗ ಮಾಡೀನಿ" ಅಂದಳು ಸುಗುಣಾ, ಅತ್ತ ನೋಡುತ್ತಾ.

ತಿಂದೆ. ಚೆನ್ನಾಗಿತ್ತು. ಅದೇ ತೊಂದರೆ.

ಅವ್ವನೂ ಒಂದು ತುಂಡು ಬಾಯಿಗೆ ಹಾಕಿಕೊಂಡಳು. "ಛಲೋ ಅದ ಸುಗುಣಾ. ಹುಟ್ಟಹಬ್ಬದ ಕೇಕ್ ಇದ್ದಂಗ ಅದ."

"ಕ್ರಿಸ್ಮಸ್ ಅಂದ್ರ ಹುಟ್ಟಹಬ್ಬನ ಅಲ್ಲವಾ ಅವ್ವಾ?" ಎಂದು ನಮ್ಮವರು ಸಮಾಧಾನ ಮಾಡಲು ಹೋದರು. ಸುಗುಣಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಎರಡನೇ ದಿನ, ಮೆಟ್ಟಿಲ ಗೋಡೆ

ಬೆಳಿಗ್ಗೆ ಹತ್ತರ ಮೇಲೆ ಪ್ರಕಾಶ ಕೆಳಗೆ ಹೋಗಿ ಡಬ್ಬಿ ತಂದ. ಒಂದೇ ಕೈಯಲ್ಲಿ, ತೂಗಾಡಿಸುತ್ತಾ ತಂದ. ಡಬ್ಬಿ ಖಾಲಿ.

ಮೆಟ್ಟಿಲು ಎರಡೆರಡು ಹಾರಿ ಇಳಿದೆ. ಕೆಳಗೆ ಗೌಂಡಿಯೊಬ್ಬ ಮೆಟ್ಟಿಲ ಪಕ್ಕದ ಗೋಡೆಗೆ ಸಿಮೆಂಟಿನ ಗಿಲಾಯಿ ಮೆತ್ತಿ ಮುಗಿಸಿ ಕರಣಿ ತೊಳೆಯುತ್ತಿದ್ದ. ಅವನ ಹೆಂಡತಿ ಬುಟ್ಟಿ ಜೋಡಿಸುತ್ತಿದ್ದಳು. ನಾನು ಖಾಲಿ ಡಬ್ಬಿ ತೋರಿಸಿ, ಬಾರದ ಮರಾಠಿಯಲ್ಲಿ, "ವಾಳೂ! ವಾಳೂ!" ಎಂದು ಕೂಗಿದೆ.

ಅವನು ಹೆಂಡತಿಯ ಕಡೆ ತಿರುಗಿ, "ಏ ಭೀಮವ್ವ, ಈ ಅಮ್ಮ ಏನ್ ಅಂತಾಳ ನೋಡು, ತಿಳೀವಲ್ದು" ಅಂದ.

ಅಚ್ಚ ಕನ್ನಡ! ಒಂದು ಗಳಿಗೆ ಉಸುಕು ಮರೆತೇ ಹೋಯಿತು. ಅವನ ಹೆಸರು ಶರಣಪ್ಪ, ಯಾದಗಿರಿ ಕಡೆಯವರು, ಪುಣೆಗೆ ಬಂದು ಹದಿನೈದು ದಿನವಾಗಿತ್ತಷ್ಟೆ. ಪಕ್ಕದಲ್ಲೇ ಏಳುತ್ತಿದ್ದ ಹೊಸ ಕಟ್ಟಡದ ಹಿಂದೆ ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದರು. ನಾನು ಕನ್ನಡದಲ್ಲಿ ವಿಷಯ ಹೇಳಿದೆ. ಅವನ ಮುಖ ಇಳಿದುಹೋಯಿತು.

"ತಪ್ಪಾತ್ರಿ ಅಮ್ಮೋರ. ಸೊಸಾಯಿಟಿಯವ್ರು ಇಟ್ಟಾರ ಅನಕೊಂಡೀನ್ರಿ. ಕರ್ರಗ ಇತ್ತು. ಪುಣೆ ಉಸುಕು ಹಿಂಗ ಇರ್ತದೇನೋ ಅಂತ ಸಿಮಿಟಿನ್ಯಾಗ ಕಲಸಿಬಿಟ್ಟೀನ್ರಿ."

"ಎಲ್ಲೈತಿ ಈಗ?"

ಅವನು ಗೋಡೆ ತೋರಿಸಿದ. ನುಣುಪಾದ, ಒದ್ದೆ ಗೋಡೆ. ಮುಟ್ಟಿದೆ. ತುಂಗಭದ್ರೆಯಿಂದ ಸೈಕಲ್ಲಿನಲ್ಲಿ ಬಂದ ಅಪ್ಪ ತಳೇಗಾಂವದ ಗೋಡೆ ಸೇರಿದ್ದ.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಭೀಮವ್ವ ಬುಟ್ಟಿ ಬಿಟ್ಟು ಬಂದು ಪಕ್ಕದಲ್ಲಿ ಕೂತಳು. ಶರಣಪ್ಪ ಕರಣಿ ಹಿಡಿದು, "ಕೆತ್ತಿ ತೆಗೀಲೇನ್ರಿ?" ಎಂದ. ಅಷ್ಟರಲ್ಲಿ ವಾಚ್‌ಮನ್ ಬಂದು ಗೋಡೆಯ ಬುಡಕ್ಕೆ ಬೆರಳು ಮಾಡಿದ. ಇರುವೆಗಳು. ಒಂದು ಸಾಲು ಹೊರಗಿನಿಂದ ಬಂದು ಗಿಲಾಯಿಯ ಅಂಚು ಹಿಡಿದು ಹತ್ತುತ್ತಿತ್ತು. ಇಷ್ಟು ವರ್ಷ ಬೆಣ್ಣೆ ಸಕ್ಕರೆ ಕುಡಿದ ಉಸುಕಲ್ಲವೇ. ಮಧ್ಯಾಹ್ನದ ಹೊತ್ತಿಗೆ ಚೇರ್ಮನ್ ಅಲ್ಲೊಂದು ಬೋರ್ಡು ಹಚ್ಚಿದ್ದರು: "ಈ ಗೋಡೆಯ ಮೇಲೆ ಸದ್ಯಕ್ಕೆ ಇರುವೆಗಳಿಗೆ ಮಾತ್ರ ಪ್ರವೇಶ. ಮನುಷ್ಯರು ಒರಗಬಾರದು."

ಮೇಲೆ ಬಂದು ಸುಗುಣಾಳನ್ನು ಅಡುಗೆಮನೆಗೆ ಎಳೆದು, ಅವ್ವನಿಗೆ ಕೇಳದ ಹಾಗೆ ವಿಷಯ ಹೇಳಿದೆ. "ನೀ ಜಿನೆದ ಕೆಳಗ ಇಡು ಅಂದಿ. ನಿನಗೇನು, ನಿನಗ ಅದು ಬರೇ ಉಸುಕು."

ಸುಗುಣಾ ಚಪಾತಿ ಹಿಟ್ಟು ನಾದುತ್ತಿದ್ದಳು. ಕೈ ನಿಂತಿತು.

"ಹೌದಕ್ಕಾ, ನನಗ ಬರೇ ಉಸುಕು. ಯಾಕಂದ್ರ ನಾ ಅದನ್ನ ಮುಟ್ಟೇ ಇಲ್ಲ. ಪ್ರತಿ ವರ್ಷ ಗಂಡ ಮಕ್ಕಳನ್ನ ಕಟಗೊಂಡು ಬೆಟಗೇರಿಗೆ ಬಂದೀನಿ. ಬಂದ್ರ ನನಗೇನು ಕೆಲಸ ಕೊಡ್ತಿದ್ದಿ? ಒಣದ್ರಾಕ್ಷಿ ತೊಟ್ಟು ತೆಗಿ ಅಂತಿದ್ದಿ. ಐವತ್ತಾರು ವರ್ಷ ಆತು ನನಗ. ಇನ್ನೂ ತೊಟ್ಟು ತೆಗೀತೀನಿ."

"ನೀ ಯಾವತ್ತೂ ಕೇಳಲಿಲ್ಲಲಾ."

"ಕೇಳೀನಿ. ಅಪ್ಪ ತೀರಿಕೊಂಡ ವರ್ಷ ಕೇಳೀನಿ. ನೀ ಏನಂದಿ? 'ಮರಾಠಿ ಮನಿ ಸೇರಿದಾಕಿಗೆ ಕೆಂಡದ ಹದ ತಿಳೀತದೇನು' ಅಂದಿ. ಎಲ್ಲರೂ ನಕ್ಕರು. ನಾನೂ ನಕ್ಕೆ."

ನನಗೆ ನೆನಪಿರಲಿಲ್ಲ. ಆದರೆ ಅದು ನನ್ನದೇ ಮಾತು, ನಾನು ಅನ್ನುವಂಥದ್ದೇ ಮಾತು. ನೀರು ಕುಡಿದೆ. ಆಮೇಲೆ ಅವಳ ಕೈಯಿಂದ ಹಿಟ್ಟಿನ ಪರಾತ ಎಳೆದುಕೊಂಡು ನಾದತೊಡಗಿದೆ. "ಅಕ್ಕಾ, ಅದು ನಾದಿ ಆಗೇದ, ಬಿಡು" ಅಂದಳು.

ಮೂರನೇ ದಿನ ಚೇರ್ಮನ್ನರ ಹತ್ತಿರ ಹೋದೆವು. ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬಾರದು ಎಂದು ಬಾಗಿಲ ಮೇಲಿತ್ತು. ನಾಲ್ಕಕ್ಕೆ ಸರಿಯಾಗಿ ಒತ್ತಿದೆವು. ಗ್ಯಾಲರಿಯಲ್ಲಿ ಕೆಂಡದ ಒಲೆ ಹಚ್ಚಬಹುದೇ ಅಂತ ಸುಗುಣಾ ಕೇಳಿದಳು. ಅವರು ನಮ್ಮನ್ನು ಕೂರಿಸಿ, ಚಹಾ ಕೊಟ್ಟು, ಹಬ್ಬದ ಶುಭಾಶಯ ಹೇಳಿ, ಬೆಟಗೇರಿಯ ಹವಾಮಾನ ವಿಚಾರಿಸಿ, ಕೊನೆಗೆ ಆಗುವುದಿಲ್ಲ ಅಂದರು. ಇಷ್ಟು ಮರ್ಯಾದೆಯಿಂದ ನನಗೆ ಜನ್ಮದಲ್ಲಿ ಯಾರೂ ಇಲ್ಲ ಎಂದಿಲ್ಲ.

ಕೆಳಗೆ ಇಳಿದರೆ ಭೀಮವ್ವ ನಿಂತಿದ್ದಳು, ಬುಟ್ಟಿ ತುಂಬ ಉಸುಕು. ಮೂರು ಸಲ ತೊಳೆದು, ಒಣಗಿಸಿ, ಸಾಣಿಗೆ ಹಿಡಿದಿದ್ದಳು. "ಎಕ್ಕಾ, ನಿಮ್ಮಂಥ ಉಸುಕು ಅಲ್ರಿ ಇದು. ಆದ್ರ ಹಸನ ಅದ. ನಮ್ಮ ಒಲಿನೂ ಅದ, ಸೆಂಟ್ರಿಂಗ್ ಕಟಿಗಿನೂ ಬೇಕಾದಷ್ಟು ಅದಾವ. ಬರ್ರಿ."

ಕಟ್ಟಡದ ಹಿಂದೆ

ಇಪ್ಪತ್ನಾಲ್ಕರ ಬೆಳಿಗ್ಗೆ ನಮ್ಮ ಮೆರವಣಿಗೆ ಹೊರಟಿತು. ನಾನು ಹಿಟ್ಟಿನ ಡಬ್ಬಿ, ಸುಗುಣಾ ಬೋಗಾಣಿ, ನಮ್ಮವರು ತಾಟು. ಅವ್ವನಿಗೆ ಏನೋ ನೆಪ ಹೇಳಿ ಹೊರಟಿದ್ದೆವು. ಮೊದಲ ಮಹಡಿಗೆ ಬರುವಷ್ಟರಲ್ಲಿ ಮೇಲಿನಿಂದ ಆಕೆಯ ದನಿ ಕೇಳಿತು.

"ಬೋಗಾಣಿ ಎಲ್ಲಿ ಹೊಂಟದ?"

ಹೇಳಲೇಬೇಕಾಯಿತು. ಕೆಂಡ ಹಚ್ಚಲು ಶೆಡ್ಡಿಗೆ ಹೋಗುತ್ತೇವೆ ಅಂದೆ, ಉಸುಕಿನ ಸುದ್ದಿ ಎತ್ತಲಿಲ್ಲ. "ನಾನೂ ಬರ್ತೀನಿ" ಅಂದಳು. ಲಿಫ್ಟು ಇಲ್ಲ, ಸೊಂಟ ಸರಿಯಿಲ್ಲ ಅಂದರೆ ಕೇಳುವವಳಲ್ಲ. ಕೊನೆಗೆ ಶರಣಪ್ಪನೂ ಪ್ರಕಾಶನೂ ಅವ್ವನನ್ನು ಕುರ್ಚಿ ಸಮೇತ ಎತ್ತಿ ಮೂರು ಮಹಡಿ ಇಳಿಸಿದರು. ಅವ್ವ ಮೇಲಿನಿಂದ "ಎಡಕ್ಕ, ಬಲಕ್ಕ" ಎಂದು ಅಪ್ಪಣೆ ಕೊಡುತ್ತಿದ್ದಳು. ವಾಚ್‌ಮನ್ ಎದುರು ಬಂದು "ಹಳೂ, ಹಳೂ" ಅಂದ. ಈ ಸಲ ನಾನು ಅವನ ಮೇಲೆ ಹಾಯಲಿಲ್ಲ.

ಶೆಡ್ಡಿನ ಮುಂದೆ ಭೀಮವ್ವ ಮೂರು ಕಲ್ಲಿನ ಒಲೆಗೆ ಕೆಂಡ ತಯಾರು ಮಾಡಿದ್ದಳು. ಬೋಗಾಣಿಗೆ ಉಸುಕು ಸುರಿದಳು. ಬಿಳಿಚಿದ, ಹೊಸ ಉಸುಕು. ನಾನು ಅವ್ವನಿಗೆ ಅಡ್ಡ ನಿಂತೆ.

"ಸರಿ ಅತ್ಲಾಗ. ಅದು ನಮ್ಮ ಉಸುಕಲ್ಲ" ಅಂದಳು ಅವ್ವ.

ನಾನು ಎಲ್ಲವನ್ನೂ ಹೇಳಿದೆ. ಅಪ್ಪನ ಉಸುಕು, ಗೋಡೆ, ಇರುವೆ. ಶರಣಪ್ಪ ತಲೆ ತಗ್ಗಿಸಿ ನಿಂತಿದ್ದ.

ಅವ್ವ ಕುರ್ಚಿಯ ಕೈ ಹಿಡಿದು ಮುಂದೆ ಬಾಗಿದಳು.

"ನಿಮ್ಮಪ್ಪ ತಂದ ಉಸುಕು?" ಅಂದಳು. "ಹುಚ್ಚಿ! ಅದನ್ನ ಬಿಸಲಿಗೆ ಹರವಿದಾಗೆಲ್ಲ ಬೆಕ್ಕು ಬಂದು ಹೊಲಸು ಮಾಡ್ತಿತ್ತು. ಉಸುಕು ಕಂಡ್ರ ಬಿಡ್ತಾವೇನು ಬೆಕ್ಕು? ಒಂದು ವರ್ಷ ಬಿಟ್ಟು ಒಂದು ವರ್ಷ ಚೆಲ್ತಿದ್ದೆ. ಓಣ್ಯಾಗ ಯಾರರ ಮನಿ ಕಟ್ಟಾಕ ಹತ್ತಿದ್ರ ಒಂದು ಪುಟ್ಟಿ ತರಿಸಿ, ಕರ್ರಗ ಆಗೂತನಕ ಹುರದು ತುಂಬಿ ಇಡ್ತಿದ್ದೆ. ಹೋದ ಸಲದ್ದು ಮಾಸ್ತರ ಮನಿ ಮುಂದಿಂದು."

"ಮತ್ತ ಯಾಕ ಹೇಳಲಿಲ್ಲ?"

"ನೀ ಕೇಳಿದ್ದೇನು?"

ಮೊದಲು ನಕ್ಕವಳು ಸುಗುಣಾ. ಬೋಗಾಣಿಯ ಕಿವಿ ಹಿಡಿದುಕೊಂಡೇ ಕುಸಿದು ಕೂತು ನಕ್ಕಳು. ಆಮೇಲೆ ಭೀಮವ್ವ, ಸೆರಗು ಬಾಯಿಗೆ ಒತ್ತಿಕೊಂಡು. ನಾನು ಮೂರು ದಿನ ಅತ್ತದ್ದು ಬೆಕ್ಕಿನ ಪಾಯಿಖಾನೆಗೆ ಅಂತ ತಿಳಿದ ಮೇಲೆ ನನಗೂ ತಡೆಯಲಾಗಲಿಲ್ಲ. ಶರಣಪ್ಪ ಒಬ್ಬನೇ ನಗಲಿಲ್ಲ. ನಿಟ್ಟುಸಿರುಬಿಟ್ಟು ಬೀಡಿ ಹಚ್ಚಿದ.

ಡಬ್ಬಿ ಇಡುವ ಹೊತ್ತಾಯಿತು. ಇಕ್ಕಳ ನನ್ನ ಕೈಯಲ್ಲಿತ್ತು. ಒಂದು ಕ್ಷಣ ಅದನ್ನು ಬಿಗಿ ಹಿಡಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಸುಗುಣಾಳ ಕಡೆ ಚಾಚಿದೆ.

"ನೀ ಇಡು."

"ನಾನು?"

"ಇಡು ಇಡು, ಕೆಂಡ ಆರ್ತದ."

ಅವಳು ಡಬ್ಬಿ ಕೂರಿಸಿ ತಾಟು ಮುಚ್ಚಿದಳು. ತಾಟಿನ ಮೇಲೆ ಒಂದೊಂದೇ ಕೆಂಡ ಜೋಡಿಸಿದಳು. ಎಡಗಡೆ ಜಾಸ್ತಿಯಾಯಿತು. ನನ್ನ ನಾಲಗೆಯ ತುದಿಗೆ ಬಂತು. ನಾನು ಎದ್ದು ಹೋಗಿ, ಕಟ್ಟಡಕ್ಕೆ ಎಷ್ಟು ಕಂಬ ಇವೆ ಎಂದು ಎಣಿಸಿದೆ. ಇಪ್ಪತ್ನಾಲ್ಕು. ಮತ್ತೊಮ್ಮೆ ಎಣಿಸಿದೆ. ನಮ್ಮವರು ಹತ್ತಿರ ಬಂದು, "ಹೇಳಿಬಿಡು, ಇಲ್ಲಂದ್ರ ಪ್ರಾಣ ಹೋದೀತು" ಅಂದರು. ಹೇಳಲಿಲ್ಲ.

ಮುಕ್ಕಾಲು ತಾಸಿಗೆ ಸುಗುಣಾ ಮೂಗು ಎತ್ತಿದಳು. "ಆತು" ಅಂದಳು. ಅದೇ ಕ್ಷಣ ನನಗೂ ಅನಿಸಿತ್ತು, ಆತು ಎಂದು. ಆ ವಾಸನೆಯನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ದ್ರಾಕ್ಷಿ ತೊಟ್ಟು ತೆಗೆಯುತ್ತಾ ಅಡುಗೆಮನೆಯ ಮೂಲೆಯಲ್ಲಿ ಕೂತೇ ಕಲಿತಿದ್ದಳು.

ಕೇಕು ಎಡಕ್ಕೆ ಅಂಗೈಯಗಲ ಕರಕಾಗಿತ್ತು. ಅವ್ವ ಕರಕಾದ ಕಡೆಯದನ್ನೇ ಮುರಿದು ಬಾಯಿಗೆ ಹಾಕಿಕೊಂಡಳು. ಅಗಿದಳು. ಕಟಕ್ ಎಂದು ಸದ್ದಾಯಿತು.

"ಉಸುಕು ಹತ್ತೇದ" ಎಂದಳು ಅವ್ವ, ತೃಪ್ತಿಯಿಂದ. "ಬರೋಬ್ಬರಿ ಆಗೇದ."

ಹಬ್ಬದ ದಿನ

ಬೆಳಿಗ್ಗೆ ಮರಾಠಿ ಚರ್ಚಿಗೆ ಹೋದೆವು. ನಮ್ಮಲ್ಲಿ ಹಬ್ಬದ ಹಾಡುಗಳನ್ನು ಸಾವಕಾಶವಾಗಿ, ಎತ್ತು ಗಾಡಿ ಎಳೆದಂತೆ ಎಳೆದು ಹಾಡುತ್ತೇವೆ. ಅಲ್ಲಿ ಢೋಲಕಿ, ಟಾಳ ಹಾಕಿ ಭಜನೆಯ ಹಾಗೆ ಹಾಡುತ್ತಾರೆ. ಎರಡನೇ ಹಾಡಿಗೆ ನಮ್ಮವರ ಕಾಲು ತಾಳ ಹಾಕತೊಡಗಿತು. ಮೂರನೆಯದಕ್ಕೆ ಅವರು ಗಟ್ಟಿಯಾಗಿ ಕೂಡಿ ಹಾಡಿದರು, ತಮ್ಮದೇ ಮರಾಠಿಯಲ್ಲಿ. ಮುಂದಿನ ಸಾಲಿನವರು ತಿರುಗಿ ನೋಡಿದರು.

ಮನೆಗೆ ಬಂದು ಒಂದು ತಾಟಿನಲ್ಲಿ ಕೇಕು, ಕರಚಿಕಾಯಿ, ಚಕ್ಕಲಿ ಜೋಡಿಸಿ ಶೆಡ್ಡಿಗೆ ಕೊಟ್ಟುಬಂದೆ. ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಭೀಮವ್ವ ತಾಟು ವಾಪಸು ತಂದಳು. ಬಂದ ತಾಟನ್ನು ಬರಿದು ಕಳಿಸಬಾರದಲ್ಲ, ಅದರಲ್ಲಿ ನಾಲ್ಕು ಸಜ್ಜಿ ರೊಟ್ಟಿ, ಒಂದು ಗುಂಡು ಪುಂಡಿಪಲ್ಯ ಇತ್ತು.

ಟೇಬಲ್ಲಿನ ಮೇಲೆ ಪ್ರಕಾಶ ಎರಡು ದಿನದಿಂದ ಮಸಾಲೆ ಅರೆದು ಮಾಡಿದ ಮಟನ್ನು ಇತ್ತು, ಪುಲಾವು ಇತ್ತು, ಕೇಕು ಇತ್ತು. ಅವ್ವ ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿ ಬಾಯಿಗೆ ಹಾಕಿಕೊಂಡಳು. ಆಮೇಲೆ ಬೇರೆ ಯಾವುದನ್ನೂ ಮುಟ್ಟಲಿಲ್ಲ. ಎರಡು ರೊಟ್ಟಿ ಮುಗಿಸಿ, ಗುಂಡು ಪಲ್ಯ ಮುಗಿಸಿ, ತಾಟನ್ನು ಬೆರಳಿನಿಂದ ಒರೆಸಿದಳು. ಆಕೆಯ ಕಣ್ಣು ಒದ್ದೆಯಾಗಿತ್ತು. ಖಾರಕ್ಕೆ ಇರಬೇಕು ಅಂದುಕೊಂಡು ನೀರು ಕೊಟ್ಟೆ. ಬೇಡ ಅಂದಳು.

"ಪುಂಡಿಪಲ್ಯ ನಾನೂ ಮಾಡ್ತೀನಲ್ಲ ಅವ್ವಾ" ಅಂದೆ.

"ನಿಂದು ಬ್ಯಾಳಿ ಹಾಕಿದ ಪಲ್ಯ. ಇದು ನುಚ್ಚು ಹಾಕಿದ್ದು, ನಮ್ಮವ್ವ ಮಾಡಿದಂಗ." ಅವ್ವನ ತವರು ಸುರಪುರದ ಕಡೆ. ಅದು ನಮಗೆ ಗೊತ್ತಿತ್ತು, ಆದರೆ ಆಕೆ ಆ ಮಾತು ಎತ್ತುತ್ತಿದ್ದುದು ಕಡಿಮೆ. "ಕ್ರಿಸ್ಮಸ್ ದಿನ ನಮ್ಮನ್ಯಾಗ ಇದನ್ನ ಮಾಡ್ತಿದ್ರು. ಒಂದು ದೊಡ್ಡ ಗಡಿಗಿ ಪುಂಡಿಪಲ್ಯ, ಬುಟ್ಟಿ ತುಂಬ ಸಜ್ಜಿ ರೊಟ್ಟಿ. ನಮ್ಮವ್ವ ಬಾಗಿಲಾಗ ಕುಂತು ಬಂದವ್ರಿಗೆಲ್ಲ ಕೊಡ್ತಿದ್ದಳು. ಇಡೀ ಓಣಿ ಉಣ್ತಿತ್ತು. ಕೇಕ್ ಎಲ್ಲಿತ್ತು ಆಗ? ಕೇಕ್ ನಾ ಮದಿವ್ಯಾಗಿ ಬೆಟಗೇರಿಗೆ ಬಂದ ಮ್ಯಾಲೆ ಕಲತದ್ದು. ನಿಮ್ಮಪ್ಪಗ ಇಷ್ಟ ಅಂತ."

ನಾನು ಬಾಳಿನುದ್ದಕ್ಕೂ ಕಾಪಾಡಿಕೊಂಡು ಬಂದದ್ದು ಅಪ್ಪನ ಹಬ್ಬ. ಅವ್ವನ ಹಬ್ಬ ಯಾವುದು ಅಂತ ಯಾರೂ ಕೇಳಿರಲಿಲ್ಲ, ಆಕೆಯೂ ಹೇಳಿರಲಿಲ್ಲ. ಅರವತ್ತು ವರ್ಷ ಗಂಡನ ಊರಿನ ಕೇಕು ಬೇಯಿಸಿದ ಮೇಲೆ, ಪರವೂರಿನ ಮೂರನೇ ಮಹಡಿಯಲ್ಲಿ, ಗೌಂಡಿಯ ಹೆಂಡತಿ ತಂದ ತಾಟಿನಲ್ಲಿ ಆಕೆಗೆ ತನ್ನ ಕ್ರಿಸ್ಮಸ್ ಸಿಕ್ಕಿತು.

"ಪ್ರಕಾಶಾ, ಮಟನ್ ಛಲೋ ಕಾಣ್ತದ" ಎಂದಳು ಅವ್ವ. "ಆದ್ರ ಹೊಟ್ಟಿ ತುಂಬೇದ."

ಪ್ರಕಾಶನಿಗೆ ಅಷ್ಟು ಕನ್ನಡ ತಿಳಿಯುತ್ತದೆ. ಪಾಪ, ಮುಖ ಸಣ್ಣದು ಮಾಡಿಕೊಂಡ. ನಮ್ಮವರು ಅವನ ಪಾಲಿನ ದುಃಖವನ್ನು ಮೂರು ಸಲ ಬಡಿಸಿಕೊಂಡು ತೀರಿಸಿದರು.

ಹೊರಡುವ ದಿನ

ಇಪ್ಪತ್ತೇಳಕ್ಕೆ ನಮ್ಮ ಬಸ್ಸು. ಬೆಳಿಗ್ಗೆ ಬೇಗ ಎದ್ದೆ. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ ಅಂದುಕೊಂಡು ಬಾಗಿಲು ಮೆಲ್ಲಗೆ ಎಳೆದು ಕೆಳಗಿಳಿದೆ. ನುಚ್ಚು ಯಾವಾಗ ಹಾಕುತ್ತಾರೆ, ಎಷ್ಟು ಹಾಕುತ್ತಾರೆ, ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕುತ್ತಾರೋ ಇಡಿಯೋ, ಭೀಮವ್ವನನ್ನು ಕೇಳಿ ಬರೆದುಕೊಳ್ಳಬೇಕಿತ್ತು. ಸೀರೆಯ ಸೆರಗಲ್ಲಿ ಒಂದು ಪೆನ್ನು, ಒಂದು ಹಾಳೆ ಅಡಗಿಸಿಕೊಂಡಿದ್ದೆ. ಯಾಕೆ ಅಡಗಿಸಿಕೊಂಡೆನೋ! ಹಿರೇಮಗಳ ಚಾಳಿ ಮೂರು ದಿನಕ್ಕೆ ಹೋಗುತ್ತದೆಯೇ.

ಕಟ್ಟಡದ ಹಿಂದೆ ಶೆಡ್ಡಿನ ಮುಂದೆ ಒಲೆ ಉರಿಯುತ್ತಿತ್ತು. ಭೀಮವ್ವ ಗಡಿಗೆಯಲ್ಲಿ ನುಚ್ಚು ತಿರುವುತ್ತಿದ್ದಳು. ಅವಳ ಎದುರಿಗೆ ಸ್ವೆಟರ್ ಹಾಕಿಕೊಂಡು ಸುಗುಣಾ ಕೂತಿದ್ದಳು. ಉಡಿಯಲ್ಲಿ ಪುಂಡಿ ಸೊಪ್ಪಿನ ಸಿವುಡು, ಎಲೆ ಬಿಡಿಸುತ್ತಿದ್ದಳು.

ನನ್ನನ್ನು ನೋಡಿದಳು. ನನ್ನ ಸೆರಗಿನಿಂದ ಇಣುಕುತ್ತಿದ್ದ ಪೆನ್ನು ನೋಡಿದಳು. ಕೂತ ಚೀಲದ ಮೇಲೆ ಒಂದಿಷ್ಟು ಸರಿದು ನನಗೆ ಜಾಗ ಮಾಡಿಕೊಟ್ಟು, ಅರ್ಧ ಸಿವುಡು ನನ್ನ ಉಡಿಗೆ ಹಾಕಿದಳು.